ಭೋಂಗಾ ಕಂಬದ ಕೆಳಗಿನ ಸಿಗ್ನಲ್

ಫೋನು ಬಂದ್ ಮಾಡಿ ಮತ್ತೆ ಚಾಲೂ ಮಾಡುವುದಕ್ಕೂ ಸಂಬಳ ಕೊಡುವ ಕಾಲ ಹೈದರಾಬಾದಿಗೆ ಬಂದಾಗ ಕುಷಾಯಿಗೂಡದ ಕೇದಾರನಿಗೆ ಮದುವೆಯ ವಯಸ್ಸು ದಾಟತೊಡಗಿತ್ತು.

ಮಾಧಾಪುರದ ಗಾಜಿನ ಕಟ್ಟಡವೊಂದರಲ್ಲಿ ಹೊಸ ತಲೆಮಾರಿನ ಫೋನುಗಳಿಗೆ ಚಿಪ್ ಮಾಡುವ ಕಂಪನಿ ಇತ್ತು. ಒಳಗೆ ಏಸಿಯಲ್ಲಿ ಕೂತವರು ಪ್ರೋಗ್ರಾಮು ಬರೆಯುವವರು. ಹೊರಗೆ ಬಿಸಿಲಲ್ಲಿ, ಜೀಡಿಮೆಟ್ಲಾದ ಕಾರ್ಖಾನೆ ಗೋಡೆಗೆ ಒತ್ತಿಕೊಂಡು, ಫ್ಲೈಓವರಿನ ಅಡಿ ಕುಕ್ಕರಿಸಿ, ಆ ಫೋನನ್ನು ಬಂದ್ ಮಾಡಿ, ಚಾಲೂ ಮಾಡಿ, ಟವರ್ ಸಿಗಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವವನು ಕೇದಾರ. ಒಳಗಿನವರ ಕೊರಳಲ್ಲಿ ನೀಲಿ ಪಟ್ಟಿ, ಇವನದು ಹಳದಿ. ನೀಲಿಯವರು ಊಟ ಮಾಡಿ ಎದ್ದ ಮೇಲೆಯೇ ಹಳದಿಯವರು ಕ್ಯಾಂಟೀನಿನಲ್ಲಿ ಕೂಡಬೇಕು. ಹಾಗಂತ ಎಲ್ಲಿಯೂ ಬರೆದಿಲ್ಲ. ಬರೆಯದ ಕಾಯಿದೆಗಳೇ ನಮ್ಮಲ್ಲಿ ಹೆಚ್ಚು ಗಟ್ಟಿ.

ಟೀಮ್ ಲೀಡ್ ರವಿಶಂಕರ್ ಮೈಸೂರಿನವರು, ಒಳ್ಳೆಯ ಮನುಷ್ಯ. ಒಂದು ದಿನ ಚಹಾ ಕುಡಿಯುತ್ತಾ ಕೇದಾರನಿಗೆ ತಿಳಿಸಿ ಹೇಳಿದ್ದರು.

"ನೋಡಿ ಕೇದಾರ್, ಪ್ರತಿಯೊಂದು ಟವರೂ ತನ್ನ ಗುರುತನ್ನ ಬಿಡದೆ ಕೂಗ್ತಾನೇ ಇರುತ್ತೆ. ಆಗ ತಾನೇ ಆನ್ ಆದ ಫೋನಿಗೆ ತಾನೆಲ್ಲಿದ್ದೀನಿ, ಈಗೆಷ್ಟು ಹೊತ್ತು, ಏನೂ ಗೊತ್ತಿರಲ್ಲ. ಎಲ್ಲಾ ಗುರುತನ್ನೂ ಒಂದೊಂದಾಗಿ ತಾಳೆ ನೋಡ್ತಾ ಹೋದ್ರೆ ಬ್ಯಾಟರಿ ಮುಗಿಯುತ್ತೆ. ಅದಕ್ಕೇ ಗುರುತನ್ನ ಎರಡು ತುಂಡು ಮಾಡಿರ್ತಾರೆ. ಮೊದಲನೇ ತುಂಡಲ್ಲಿ ಮೂರೇ ನಮೂನೆ. ಆ ಮೂರರಲ್ಲಿ ಯಾವುದು ಅಂತ ಗೊತ್ತಾದ್ರೆ ಎರಡನೇದನ್ನ ಆ ಗುಂಪಲ್ಲಿ ಮಾತ್ರ ಹುಡುಕಿದ್ರೆ ಸಾಕು."

"ಮತ್ತ ತಪ್ಪು ಟವರ್ ಹಿಡಿದ್ರ?"

"ಹಿಡಿಯುತ್ತೆ. ಎಷ್ಟು ಹೋಲಿಕೆ ಕಂಡ್ರೆ ಸಾಕು ಅನ್ನೋದನ್ನ ತೀರಾ ಕಡಿಮೆ ಇಟ್ರೆ ಗದ್ದಲವೇ ಟವರ್ ಥರ ಕೇಳ್ಸುತ್ತೆ. ತೀರಾ ಹೆಚ್ಚು ಇಟ್ರೆ ಪಕ್ಕದಲ್ಲೇ ಇರೋ ನಿಜವಾದ ಟವರ್ ತಪ್ಪಿಹೋಗುತ್ತೆ."

ಕೇದಾರ ಇದರಲ್ಲಿ ಮೊದಲ ಅರ್ಧವನ್ನು ಮನಸ್ಸಿಗೆ ಹಚ್ಚಿಕೊಂಡ. ಮರುದಿನವೇ ಮದುವೆಯ ಬಯೋಡೇಟಾದಲ್ಲಿ ತನ್ನ ಹುದ್ದೆಯನ್ನು 'ಸಿಗ್ನಲ್ ಡಿಟೆಕ್ಷನ್ ಇಂಜಿನಿಯರ್' ಎಂದು ತಿದ್ದಿದ. ಡಿಪ್ಲೊಮಾ ಎರಡನೇ ವರ್ಷಕ್ಕೇ ನಿಂತಿದ್ದನ್ನು ತಿದ್ದಲು ಹೋಗಲಿಲ್ಲ, ಆ ಸಾಲನ್ನೇ ತೆಗೆದುಬಿಟ್ಟ.

ಸಂಬಂಧ ನೋಡುವ ಜವಾಬ್ದಾರಿ ಸೋದರಮಾವ ಪದ್ಮನಾಭನದು. ಮೂರು ಸಂಬಂಧ ಕೈತಪ್ಪಿದ್ದವು. ನಾಲ್ಕನೆಯದು ಮಲಕಪೇಟೆಯ ವಾಸುದೇವರಾಯರ ಮಗಳು ಶರ್ವರಿ. ಇದೂ ತಪ್ಪಿದರೆ ತಾನು ಕೈ ತೊಳೆದುಕೊಳ್ಳುತ್ತೇನೆಂದು ಮಾಮಾ ಮೊದಲೇ ಸಾರಿದ್ದ. ಆತನ ಪದ್ಧತಿಯೂ ಕಟ್ಟುನಿಟ್ಟು. ಮೊದಲ ಭೆಟ್ಟಿ ಮನೆಯಲ್ಲಿ ಆಗಕೂಡದು. ಬೇಡವೆಂದರೆ ಎರಡೂ ಕಡೆ ಅವಮಾನ. ಜನವರಿಯಲ್ಲಿ ನಾಂಪಲ್ಲಿ ಎಗ್ಜಿಬಿಷನ್ ಮೈದಾನದಲ್ಲಿ, ಅಕಸ್ಮಾತ್ ಎದುರಾದಂತೆ ಆಗಬೇಕು. ಹೆಸರು ಕೇಳಕೂಡದು, ಮದುವೆಯ ಮಾತು ಎತ್ತಕೂಡದು. ಫೋನ್ ಮಾಡಿ 'ಎಲ್ಲಿದ್ದೀರಿ' ಅಂದರಂತೂ ಅಕಸ್ಮಾತ್ ಕೆಟ್ಟೇ ಹೋಯಿತು.

"ಮತ್ತ ನಾ ಅವರನ್ನ ಗುರುತಾ ಹಿಡಿಯೂದು ಹೆಂಗ?" ಎಂದ ಕೇದಾರ. ಹುಡುಗಿಯ ಫೋಟೋ ಬಂದಿತ್ತು ನಿಜ. ಆದರೆ ಸ್ಟುಡಿಯೋದವನು ಮುಖವನ್ನು ಬೆಳ್ಳಗೆ ಮಾಡಿ ಮಾಡಿ ಮೂಗು ಎಲ್ಲಿ ಮುಗಿಯುತ್ತದೆಂಬುದೇ ತಿಳಿಯದ ಹಾಗಾಗಿತ್ತು.

"ದೊಡ್ಡ ಚಕ್ರದ ಬಾಜೂಕ ಭೋಂಗಾ ಕಟ್ಟಿದ ಕಂಬ ಅದಲ್ಲ, ಅದರ ಕೆಳಗ ನಿಂತಿರತಾರ. ತಂದಿ ಕರೀ ಟೊಪಗಿ, ಹುಡುಗಿ ಹಸರ ಸೀರಿ. ಡಿಟೆಕ್ಷನ್ ಇಂಜಿನಿಯರ್ ಅಂತೀ, ಇಷ್ಟು ಸಾಲದೇನು?" ಎಂದ ಮಾಮಾ. ಆಮೇಲೆ ಅಕ್ಕನ ಕಡೆ ತಿರುಗಿ ದನಿ ಇಳಿಸಿದ. "ಅಕ್ಕಾ, ನೀ ಹೋಗು, ಬ್ಯಾಡ ಅನ್ನೂದಿಲ್ಲ. ಆದ್ರ ಮದಲನೇ ಭೆಟ್ಟಿ ಅದ, ಮುಂದ ಬರಬ್ಯಾಡ. ನಿನಗ ತಿಳೀದ್ದೇನಿಲ್ಲ."

ಕೇದಾರನ ತಾಯಿ ಸುಂದರಾಬಾಯಿಗೆ ತಿಳಿಯದ್ದೇನಿರಲಿಲ್ಲ. ಗಂಡ ತೀರಿಕೊಂಡಾಗಿನಿಂದ ಮಂದಿಯ ಮದುವೆ ಮುಂಜಿಗಳಲ್ಲಿ ಹಿಂದೆ ನಿಂತೇ ಅಭ್ಯಾಸ. ಕೇದಾರ ಬಾಯಿ ತೆರೆದ. ನಾಲ್ಕನೇ ಸಂಬಂಧ ಎಂಬುದು ನೆನಪಾಗಿ ಮುಚ್ಚಿದ.

ಹೀಗೆ ಆಯಿತವಾರ ಸಂಜೆ ತಾಯಿ ಮಗ ಸ್ಕೂಟರ್ ಮೇಲೆ ನಾಂಪಲ್ಲಿಗೆ ಬಂದರು. ಉಪ್ಪಿನಕಾಯಿ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಅವ್ವನನ್ನು ಕೂಡಿಸಿ, "ಹತ್ತ ಮಿನಿಟ್, ಬಂದುಬಿಡ್ತೀನಿ" ಎಂದು ಕೇದಾರ ಕಂಬದ ಕಡೆ ನಡೆದ.

ಮೈದಾನದಲ್ಲಿ ಜನ ಎಷ್ಟಿತ್ತೆಂದರೆ ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ. ಕಂಬದ ಮೇಲಿನ ಭೋಂಗಾ ಸ್ಪೀಕರ್ ಮಾತ್ರ ಕಳೆದುಹೋದ ಮಕ್ಕಳ ಅಂಗಿಯ ಬಣ್ಣವನ್ನು ತೆಲುಗಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಒದರುತ್ತಿತ್ತು. ಕೇದಾರ ರವಿಶಂಕರ್ ಸಾಹೇಬರ ಪದ್ಧತಿಯನ್ನೇ ಹಿಡಿದ. ಜನರಲ್ಲಿ ಮೂರು ನಮೂನೆ: ತಿನ್ನುವವರು, ಕೊಳ್ಳುವವರು, ಏನೂ ಮಾಡದೆ ನಿಂತವರು. ಮೂರನೆಯವರನ್ನಷ್ಟೇ ಇಟ್ಟುಕೊಂಡು ಉಳಿದವರನ್ನು ಬಿಟ್ಟ. ಈಗ ಎರಡನೇ ತುಂಡು. ಕರಿ ಟೊಪ್ಪಿಗೆ ಇತ್ತು. ಹಸಿರು ಸೀರೆ ಇತ್ತು. ಇಡೀ ಮೈದಾನವನ್ನು ಅಷ್ಟು ಬೇಗ ಶೋಧಿಸಿದವರು ಪೊಲೀಸರಲ್ಲೂ ಇರಲಿಕ್ಕಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಹೈದರಾಬಾದಿನಲ್ಲಿ ಪದ್ಮನಾಭ ಮಾಮಾನಂಥವರು ಒಬ್ಬರೇ ಅಲ್ಲ, ಮತ್ತು ಗದ್ದಲದಲ್ಲಿ ಎದ್ದು ಕಾಣುವ ಕಂಬವೂ ಅದೊಂದೇ. ಆ ಸಂಜೆ ಅದರ ಸುತ್ತ ಅಕಸ್ಮಾತ್ ಎದುರಾಗಲು ಬಂದ ಕುಟುಂಬಗಳು ಎಷ್ಟಿದ್ದವೋ. ಕಂಬದ ಕೆಳಗೆ ನಿಂತಿದ್ದ ಟೊಪ್ಪಿಗೆಯವರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಬಸವಲಿಂಗಪ್ಪ. ಜೊತೆಗೆ ಹೆಂಡತಿ ಗಂಗಾಬಾಯಿ, ಮಗಳು. ಅವರು ಕಾಯುತ್ತಿದ್ದುದು ಬೆಂಗಳೂರಿನಿಂದ ಬಂದು ಇಲ್ಲಿ ದೊಡ್ಡ ಕೆಲಸದಲ್ಲಿರುವ ಋಷಭ್ ಎಂಬ ಹುಡುಗನಿಗಾಗಿ. ಆತನ ಫೋಟೋದಲ್ಲಿ ಅರ್ಧ ಮುಖ ಕಪ್ಪು ಕನ್ನಡಕದ ಹಿಂದಿತ್ತು. ಚಳಿಗೆಂದು ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರಿಂದ ಹಣೆಯ ವಿಭೂತಿ ಕಾಣುತ್ತಿರಲಿಲ್ಲ. ಜಾತಿ ಪತ್ತೆ ಹಚ್ಚುವುದರಲ್ಲಿ ನಮ್ಮ ಜನರಷ್ಟು ಚುರುಕಾದ ಯಂತ್ರವನ್ನು ಯಾವ ಕಂಪನಿಯೂ ಮಾಡಿಲ್ಲ. ಅಂದು ಅದೂ ಕೈಕೊಟ್ಟಿತು.

ಕೇದಾರನ ನಿಜವಾದ ವಾಸುದೇವರಾಯರೂ ಅಲ್ಲೇ ಇದ್ದರು. ಅದೇ ಕರಿ ಟೊಪ್ಪಿಗೆ, ಮಗಳದು ಅದೇ ಹಸಿರು ಸೀರೆ. ಆದರೆ ರಾಯರಿಗೆ ಮೊಣಕಾಲು ನೋವೆಂದು ಇಬ್ಬರೂ ಕಂಬದ ಹಿಂದಿನ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದರು. ಮಾಮಾ ಹೇಳಿದ್ದು ನಿಂತಿರುತ್ತಾರೆ ಎಂದು.

ಕೇದಾರ ಕಂಬದ ಹತ್ತಿರ ಹೋಗಿ ಯಾರಿಗೂ ಅಲ್ಲದಂತೆ ಅಂದ, "ಈ ಸಲ ಭಾಳ ಗದ್ದಲ ಐತಲ್ರಿ."

ಬಸವಲಿಂಗಪ್ಪನವರು ಪಾಠ ಒಪ್ಪಿಸುವವರಂತೆ ಶುರು ಮಾಡಿದರು. "ಓಹೋ, ಕನ್ನಡದವರೇನು. ಎಂಥಾ ಅಕಸ್ಮಾತ್ ನೋಡ್ರಿ. ನಾವೂ ಹಿಂಗ ಸುಮ್ಮನ ಬಂದಿದ್ವಿ."

"ನಾನೂ ಸುಮ್ಮನ ಬಂದೀನ್ರಿ."

"ಸುಮ್ಮನ ಬರೂದ ಚೊಲೊ," ಎಂದರು ಗಂಗಾಬಾಯಿ, ಹುಡುಗನನ್ನು ಮೇಲಿಂದ ಕೆಳಗೆ ನೋಡುತ್ತಾ. ಹಸಿರು ಸೀರೆಯ ಹುಡುಗಿ ದೊಡ್ಡ ಚಕ್ರವನ್ನು ನೋಡುತ್ತಿದ್ದಳು.

ಪಕ್ಕದ ಬಂಡಿಯಿಂದ ಕೇದಾರ ಎಲ್ಲರಿಗೂ ಮಿರ್ಚಿ ಭಜಿ ಹೇಳಿದ. ಬಸವಲಿಂಗಪ್ಪ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಕೇಳಿದರು.

"ಗಾಡಿ ಎಲ್ಲಿ ನಿಲ್ಲಿಸೀರಿ? ಅಷ್ಟು ದೊಡ್ಡ ಗಾಡಿಗೆ ಇಲ್ಲೆ ಜಾಗಾ ಸಿಗೂದು ತ್ರಾಸ."

ಕೇದಾರನ ಸ್ಕೂಟರಿಗೆ ಸೈಡ್ ಸ್ಟ್ಯಾಂಡ್ ಕೂಡ ಇರಲಿಲ್ಲ. ಮಾಮಾ ಅದನ್ನು ಕಾರು ಮಾಡಿದ್ದಾನೆ ಎಂದುಕೊಂಡ. ಮಾಮಾನ ಮಾತು ಉಳಿಸಬೇಕಲ್ಲ.

"ಎರಡು ಆಟೋ ನಡುವ ಸಂದಿ ಇತ್ರಿ, ಅಲ್ಲೇ ನಿಲ್ಲಿಸೀನಿ."

"ನೋಡು," ಎಂದರು ಬಸವಲಿಂಗಪ್ಪ ಹೆಂಡತಿಗೆ, "ಡ್ರೈವಿಂಗ್ ಅಂದ್ರ ಇದು."

"ಹೊಸಾ ಮನಿ ಹದಿನಾಲ್ಕನೇ ಮಾಳಿಗಿ ಅಂತ ಕೇಳಿದ್ವಿ," ಎಂದರು ಗಂಗಾಬಾಯಿ. "ಅಷ್ಟು ಮ್ಯಾಲ ನೀರು ಬರತಾವೇನಪಾ?"

ಕುಷಾಯಿಗೂಡದ ಬಾಡಿಗೆ ಮನೆ ನೆಲದ ಮೇಲೆಯೇ ಇತ್ತು, ಮಳೆಗಾಲದಲ್ಲಿ ಸ್ವಲ್ಪ ಕೆಳಗೂ ಹೋಗುತ್ತಿತ್ತು. ಮಾಳಿಗೆಯ ವಿಷಯ ಬಿಟ್ಟು ನೀರಿನ ವಿಷಯಕ್ಕೆ ಕೇದಾರ ನಿಜವನ್ನೇ ಹೇಳಿದ. "ದಿನಾ ಬಿಟ್ಟು ದಿನಾ ಬರತಾವ್ರಿ. ಕೊಡದಾಗ ತುಂಬಿ ಇಟ್ಟಗೋಬೇಕು."

ಗಂಗಾಬಾಯಿ ಗಂಡನ ಕಿವಿಯಲ್ಲಿ, "ಅಷ್ಟು ರೊಕ್ಕಾ ಕೊಟ್ಟು ಕೊಡದಾಗ," ಎಂದರು. ಹುಡುಗಿ ಮೊದಲ ಸಲ ಕೇದಾರನ ಕಡೆ ನೋಡಿದಳು.

"ಇರಲಿ," ಎಂದರು ಬಸವಲಿಂಗಪ್ಪ. "ನಿಮ್ಮ ತಂದೆಯವರು ಆರಾಮದಾರ?"

ಕೇದಾರ ಬಾಯಿಗೆ ಒಯ್ದ ಭಜಿಯನ್ನು ತಟ್ಟೆಗೆ ಮರಳಿ ಇಟ್ಟ. ಅಪ್ಪ ಹೋದಾಗ ಆತನಿಗೆ ಮೀಸೆ ಬಂದಿರಲಿಲ್ಲ. ಸ್ಕೂಟರನ್ನು ಕಾರು ಮಾಡಿದ್ದು ಸರಿ, ಹಳೆಯ ಮನೆಯನ್ನು ಆಕಾಶಕ್ಕೆ ಏರಿಸಿದ್ದೂ ಸರಿ. ಸತ್ತವರನ್ನು ಎಬ್ಬಿಸುವಷ್ಟು ದೂರ ಮಾಮಾ ಹೋಗಬಾರದಿತ್ತು. ಅವ್ವನನ್ನು ಉಪ್ಪಿನಕಾಯಿ ಅಂಗಡಿಯಲ್ಲಿ ಏಕೆ ಕೂಡಿಸಿದ್ದೆಂಬುದು ಆತನಿಗೆ ಈಗ ಬೇರೆಯೇ ರೀತಿ ಅರ್ಥವಾಯಿತು. ಆದರೆ ಮೂರು ಸಂಬಂಧ ತಪ್ಪಿದವನು ನಾಲ್ಕನೆಯವರ ಮುಂದೆ ಎಷ್ಟು ಹೊತ್ತು ಬಾಯಿ ತೆರೆದು ನಿಲ್ಲಲಾದೀತು?

"ಆರಾಮದಾರ್ರಿ."

"ದಿನಾ ಮುಂಜಾನೆ ವಾಕಿಂಗ್ ಹೋಗತಾರಂತ."

"ಈಗ ಅಷ್ಟು ಹೋಗೂದಿಲ್ರಿ."

"ಊಟಾ ಉಪಚಾರ?"

"ಭಾಳ ಕಡಿಮಿ ಮಾಡ್ಯಾರ್ರಿ."

"ವಯಸ್ಸಾದ ಮ್ಯಾಲ ಕಡಿಮಿ ಮಾಡಬೇಕು," ಎಂದರು ಬಸವಲಿಂಗಪ್ಪ, ಎರಡನೇ ಭಜಿಗೆ ಕೈ ಹಾಕುತ್ತಾ. "ನಿಮ್ಮ ಕೆಲಸ ಅಂದ್ರ ಖರೇ ಏನ್ರಿ? ಕಂಪ್ಯೂಟರ್ ಅಂತಾರ, ನಮಗ ತಿಳಿಯಂಗಿಲ್ಲ."

ತಾನು ಬಲ್ಲ ಪ್ರಶ್ನೆ ಬಂದದ್ದಕ್ಕೆ ಕೇದಾರನಿಗೆ ಜೀವ ಬಂತು. ಫೋನು ಟವರನ್ನು ಹೇಗೆ ಹುಡುಕುತ್ತದೆಂಬುದನ್ನು ಭಜಿಯ ತಟ್ಟೆಯ ಮೇಲೆಯೇ ವಿವರಿಸಿದ. ಭಜಿಗಳು ಟವರುಗಳಾದವು, ಬೆರಳು ಫೋನಾಯಿತು. ಬಸವಲಿಂಗಪ್ಪ ಕೇಳಿ ಮುಗಿಸಿ ತಮ್ಮ ಫೋನನ್ನು ಆತನ ಕೈಗಿಟ್ಟರು.

"ಹಂಗಾದ್ರ ಇದನ್ನೊಂದು ನೋಡ್ರಿ. ಬಂದಾಗಿಂದ ಒಂದ ಕಡ್ಡಿ ಸೈತ ಬಂದಿಲ್ಲ. ಒಬ್ಬರ ಫೋನ್ ಬರೂದೈತಿ. ಅಂದ್ರ, ಬರೂದಿತ್ತು, ಈಗ ಅದರ ಕೆಲಸಾ ಇಲ್ಲ ಬಿಡ್ರಿ."

ಕೇದಾರ ಫೋನನ್ನು ಬಂದ್ ಮಾಡಿದ. ಚಾಲೂ ಮಾಡಿದ. ಸಿಗ್ನಲ್ ಬರಲಿಲ್ಲ. ಮತ್ತೆ ಬಂದ್ ಮಾಡಿದ. ಕೆಲಸದ ಮೇಲೆ ಆತನ ಹಟ ದೊಡ್ಡದು. ಭಜಿ ಬಂಡಿಯವನು ಕೈ ಒರೆಸಿಕೊಂಡು, "ಮೇರಾ ಭೀ ದೇಖೋ ಭಾಯ್" ಎಂದು ತನ್ನದನ್ನೂ ಕೊಟ್ಟ. ಮೈದಾನದ ಸೆಕ್ಯೂರಿಟಿಯವನು ಏನು ಗುಂಪೆಂದು ಗದರಿಸಲು ಬಂದವನು ತನ್ನದನ್ನೂ ಚಾಚಿದ. ಸ್ವಲ್ಪ ಹೊತ್ತಿನಲ್ಲಿ ಕೇದಾರನ ಸುತ್ತ ಜನ ನೆರೆದರು. ಗಾಜಿನ ಕಟ್ಟಡದಲ್ಲಿ ಯಾರೂ ಕೇಳದ ಹಳದಿ ಪಟ್ಟಿಯವನು ಇಲ್ಲಿ ಫೋನುಗಳ ರಾಶಿಯ ನಡುವೆ ಡಾಕ್ಟರನಂತೆ ನಿಂತಿದ್ದ. "ಸಾಲಾಗಿ ಬರ್ರಿ," ಎಂದು ಬಸವಲಿಂಗಪ್ಪ ಮಾವನಾಗುವವರ ಹಕ್ಕಿನಿಂದ ಜನರನ್ನು ಸರಿಸುತ್ತಿದ್ದರು. "ನಮ್ಮವರು, ನಮ್ಮವರು."

ಆ ಗುಂಪನ್ನು ಸೀಳಿಕೊಂಡು ಸುಂದರಾಬಾಯಿ ಬಂದಳು.

"ಕೇದಾರ, ಹತ್ತ ಮಿನಿಟ್ ಅಂದಿ. ಇನ್ನೆಷ್ಟು ಉಪ್ಪಿನಕಾಯಿ ನೆಕ್ಕಲಿ ನಾನು? ಅಂಗಡಿಯಂವ ತಗೊಂಡ್ರ ತಗೋರಿ ಇಲ್ಲಾಂದ್ರ ಏಳ್ರಿ ಅಂದ."

ಗಂಗಾಬಾಯಿಯ ಕಣ್ಣು ಸುಂದರಾಬಾಯಿಯ ಹಣೆಯ ಮೇಲೆ ಹೋಗಿ ನಿಂತಿತು. ಅಲ್ಲಿ ಕುಂಕುಮ ಇರಲಿಲ್ಲ.

"ಇವರು ಯಾರು?"

ಇಲ್ಲಿ ಕೇದಾರ 'ನಮ್ಮ ಓಣಿಯವರು' ಎಂದಿದ್ದರೆ ನಡೆದುಹೋಗುತ್ತಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದೂ ಇತ್ತು. ಸುಂದರಾಬಾಯಿ ಕೂಡ, ಮಗನ ಮುಖ ನೋಡಿ, ತಪ್ಪು ಹೊತ್ತಿಗೆ ಬಂದೆನೆಂದು ತಿಳಿದು, ಸೆರಗು ಹೊದ್ದು ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಆ ಎರಡು ಹೆಜ್ಜೆ ಕೇದಾರನ ಕಣ್ಣಿಗೆ ಬಿದ್ದವು.

"ನಮ್ಮ ಅವ್ವರಿ," ಎಂದ.

ಬಸವಲಿಂಗಪ್ಪ ಒಮ್ಮೆ ಆಕೆಯನ್ನು, ಒಮ್ಮೆ ಈತನನ್ನು ನೋಡಿದರು. "ಮತ್ತ ನಿಮ್ಮ ತಂದಿ?"

"ತೀರಿಕೊಂಡು ಭಾಳ ವರ್ಷ ಆತ್ರಿ."

"ಈಗಿನ್ನ ಆರಾಮದಾರ ಅಂದ್ರಿ."

"ನೀವು ಅಷ್ಟು ಅಕ್ಕರತಿಯಿಂದ ಕೇಳಿದ್ರಿ. ಇಲ್ಲ ಅನ್ನಾಕ ಮನಸ್ಸಾಗಲಿಲ್ರಿ."

ಆಗಲೇ, ಇಡೀ ಮೈದಾನದಲ್ಲಿ ಯಾರಿಗೂ ಸಿಗದ ಟವರು ಬಸವಲಿಂಗಪ್ಪನವರ ಫೋನಿಗೆ ಸಿಕ್ಕಿತು. ಕೇದಾರನ ಕೈಯಲ್ಲೇ ಅದು ಗಂಟೆ ಬಾರಿಸಿತು. ಕೆಲಸ ಫಲಿಸಿದ ಸಂತೋಷಕ್ಕೆ ಆತ ತಾನೇ ಸ್ಪೀಕರ್ ಒತ್ತಿ ಹಿಡಿದ.

"ಹಲೋ, ಬಸವಲಿಂಗಪ್ಪ ಅಂಕಲ್? ನಾನು ಋಷಭ್. ಹೊರಗಿನಿಂದ ಟ್ರೈ ಮಾಡ್ದಾಗೆಲ್ಲಾ ಸ್ವಿಚ್ ಆಫ್ ಅಂತಾನೇ ಬರ್ತಿತ್ತು, ಒಳಗೆ ನನಗೂ ಈಗಷ್ಟೇ ಒಂದು ಕಡ್ಡಿ ಸಿಕ್ತು. ಪಾರ್ಕಿಂಗ್ ಸಿಗ್ಲೇ ಇಲ್ಲ. ಕಂಬದ ಹತ್ರ ಯಾರೋ ಫೋನ್ ರಿಪೇರಿಯವನ ಮುಂದೆ ಕ್ಯೂ ನಿಂತಿದೆ, ಅದರ ಆಚೆ ನಿಂತಿದ್ದೀನಿ. ನೀವೆಲ್ಲಿದ್ದೀರಾ?"

ಬಸವಲಿಂಗಪ್ಪ ಫೋನಿಗೆ ಬಾಯಿ ಹತ್ತಿರ ತಂದು ನಿಧಾನವಾಗಿ ಕೇಳಿದರು. "ನೀವು ಋಷಭ್ ಆದ್ರ, ಇವರು ಯಾರು?"

"ಯಾರು ಅಂಕಲ್?"

"ಅದನ್ನ ನಿಮ್ಮನ್ನ ಕೇಳಾಕತ್ತೀನಿ."

ಕೇದಾರ ಬಸವಲಿಂಗಪ್ಪನವರ ಮುಖ ನೋಡಿದ. "ನೀವು ವಾಸುದೇವರಾಯರಲ್ಲೇನ್ರಿ?"

ಕಪ್ಪು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಒಬ್ಬ ಹುಡುಗ ಗುಂಪಿನೊಳಗಿಂದ ಕೈ ಎತ್ತುತ್ತಾ ಬಂದ. ಗಂಗಾಬಾಯಿ ಒಮ್ಮೆಲೇ ಇಬ್ಬರಿಗೂ ಬೆನ್ನು ಹಾಕಿ ನಿಂತರು. ಯಾರನ್ನು ನೋಡಿ ನಗಬೇಕೆಂಬುದು ತೀರ್ಮಾನವಾಗಲಿ ಎಂದು. ಭಜಿ ಬಂಡಿಯವನು ಸಮಾಧಾನವಾಗಿ ಹೇಳಿದ, "ದುಲ್ಹಾ ಕೌನ್ ಹೈ, ಪೈಲೆ ಫೈಸ್ಲಾ ಕರ್ಲೋ. ಬಿಲ್ ಉಸೀಚ್ ಕು ದೇತೂಂ." ಮದುಮಗ ಯಾರೆಂದು ಗೊತ್ತಾಗದೆ ಭಜಿಯ ಬಿಲ್ಲು ಅವನ ಕೈಯಲ್ಲೇ ಉಳಿದಿತ್ತು.

ಬಸವಲಿಂಗಪ್ಪನವರಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅಳಿಯನಾಗುವವನ ಮುಂದೆ ಸಿಟ್ಟು ಮಾಡಕೂಡದು, ಮದುವೆಯ ಮಾತು ಎತ್ತದೆ ಬೈಯುವುದೂ ಆಗದು. ಕೊನೆಗೆ, "ಕೆಲವು ಮಂದಿಗೆ ಮಾಡಾಕ ಬ್ಯಾರೆ ಕೆಲಸಾ ಇರಂಗಿಲ್ಲ," ಎಂದಷ್ಟೇ ಅಂದು ಹೊಸ ಹುಡುಗನನ್ನು ಐಸ್ಕ್ರೀಮಿನ ಕಡೆ ಕರೆದುಕೊಂಡು ಹೋದರು. ಮಗಳು ಮಾತ್ರ ಹಿಂದೆ ಉಳಿದು ಕೇದಾರನಿಗೆ ಹೇಳಿದಳು, "ನೀರಿನ ಮಾತು ಒಂದು ಖರೇ ಹೇಳಿದ್ರಿ ಅನಸತೈತಿ." ಉತ್ತರಕ್ಕೆ ಕಾಯದೆ ಹೋದಳು.

ಫೋನು ಕೊಟ್ಟವರೆಲ್ಲ ತಮ್ಮ ತಮ್ಮವನ್ನು ಕಸಿದುಕೊಂಡು ಚದುರಿದರು. ಜಾಗ ಖಾಲಿಯಾದಾಗ ಹಿಂದಿನ ಬೆಂಚು ಕಂಡಿತು. ಅದರ ಮೇಲೆ ಒಂದು ಕರಿ ಟೊಪ್ಪಿಗೆ, ಒಂದು ಹಸಿರು ಸೀರೆ.

"ವಾಸುದೇವರಾಯ ಅನ್ನಾಂವ ನಾನ," ಎಂದರು ಟೊಪ್ಪಿಗೆಯವರು. "ಮದಲಿಂದ ಇಲ್ಲೇ ಕೂತೀವಿ. ನಿಮ್ಮ ಗುರುತೂ ಹತ್ತಿತ್ತು, ಫೋಟೋದಾಗ ಇದ್ಹಂಗನ ಇದ್ದೀರಿ. ಹುಡುಗನ ಬಂದು ಅಕಸ್ಮಾತ್ ಮಾತಾಡಸಬೇಕು ಅಂತ ಪದ್ಮನಾಭ ರಾಯರು ಠರಾವು ಮಾಡಿದ್ರು. ಅದಕ್ಕ ಸುಮ್ಮನ ಕೂತ್ವಿ. ಎಲ್ಲಾ ಕೇಳಿಸ್ತು."

ಕೇದಾರ ನೆಲ ನೋಡಿದ. ನಾಲ್ಕನೆಯದೂ ಹೋಯಿತು. ಈ ಸಲ ತಪ್ಪನ್ನು ಬೇರೆ ಯಾರ ಮೇಲೂ ಹಾಕುವಂತಿರಲಿಲ್ಲ. ಬಾಯಿ ಪೂರ್ತಿ ಆತನದೇ.

ಸುಂದರಾಬಾಯಿಗೆ ಬೇರೆಯದೇ ಚಿಂತೆ. "ಅಪ್ಪ ಆರಾಮದಾರ ಅಂದ್ಯಾ?" ಎಂದು ಮಗನನ್ನು ಮೆಲ್ಲಗೆ ಕೇಳಿದಳು.

"ಹೂಂ."

"ಮತ್ತೇನಂದಿ?"

"ವಾಕಿಂಗ್ ಈಗ ಅಷ್ಟು ಹೋಗೂದಿಲ್ಲ ಅಂದೆ."

ಸುಂದರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆಂದು ವಾಸುದೇವರಾಯರು ಅರ್ಧ ಎದ್ದರು. ಆಕೆ ನಗುತ್ತಿದ್ದಳು. "ಇದ್ದಾಗೂ ಎಲ್ಲಿ ಹೋಗ್ತಿದ್ರು ಅವರು," ಎಂದಳು. "ಗೇಟಿನ ತನಕಾ ಹೋಗಿ ಪೇಪರ್ ತರಲಿಕ್ಕೆ ನಾ ಬೈಬೇಕಾಗ್ತಿತ್ತು."

ವಾಸುದೇವರಾಯರಿಗೆ ನಗು ಬಂತು. ತಡೆದುಕೊಂಡು, "ಆತು, ನಡಿ ಶರ್ವರಿ, ಕತ್ತಲಾತು," ಎಂದರು. ಶರ್ವರಿ ಏಳಲಿಲ್ಲ. ಬೆಂಚಿನ ತುದಿಗೆ ಸರಿದು, ಪಕ್ಕದ ಜಾಗವನ್ನು ಕೈಯಿಂದ ಒರೆಸಿ ಸುಂದರಾಬಾಯಿಯನ್ನು ಕೂಡಿಸಿಕೊಂಡಳು. ಆಮೇಲೆ ಕೇದಾರನನ್ನು ಕೇಳಿದಳು.

"ಇವರನ್ನ ಅಲ್ಲೆ ಉಪ್ಪಿನಕಾಯಿ ಅಂಗಡ್ಯಾಗ ಕೂಡಿಸಿದವರು ಯಾರು?"

'ಪದ್ಮನಾಭ ಮಾಮಾ' ಎಂಬ ಉತ್ತರ ತಯಾರಿತ್ತು. ಸುಳ್ಳೂ ಅಲ್ಲ. ಆದರೆ ಸ್ಟೂಲನ್ನು ಎಳೆದು ಹಾಕಿದ ಕೈ ಮಾಮಾನದಲ್ಲ.

"ನಾನ ಕೂಡಿಸಿದ್ದು," ಎಂದ.

"ಕೆಲಸ? ಬಯೋಡೇಟಾದಾಗ ಬರ್ದದ್ದು ಏನದು, ಇಂಜಿನಿಯರ್?"

"ಫೋನ್ ಬಂದ್ ಮಾಡಿ ಚಾಲೂ ಮಾಡ್ತೀನ್ರಿ. ಇಂಜಿನಿಯರ್ ಬ್ಯಾರೆಯವರದಾರ."

ವಾಸುದೇವರಾಯರು ಮೊಣಕಾಲು ತಿಕ್ಕುತ್ತಾ ಮಗಳ ಮುಖವನ್ನೇ ನೋಡುತ್ತಿದ್ದರು. ಮನೆಯಲ್ಲಿ ಕೊನೆಯ ಮಾತು ಯಾರದೆಂಬುದು ಅದರಿಂದಲೇ ತಿಳಿಯುತ್ತಿತ್ತು.

"ಬರೂ ಆಯಿತವಾರ ಮನಿಗೆ ಬರ್ರಿ," ಎಂದಳು. "ಅಕಸ್ಮಾತ್ ಅಲ್ಲ, ಹೇಳಿ ಬರ್ರಿ. ಇವರು ಮುಂದ ಬರಲಿ. ನೀವು ಹಿಂದ ಬರ್ರಿ. ಆಮ್ಯಾಲ ನೋಡೋಣ."

"ಆಗಲಿ," ಎಂದ ಕೇದಾರ.

ಮೈದಾನದ ಗೇಟಿನವರೆಗೆ ಸುಂದರಾಬಾಯಿ ಮುಂದೆ ನಡೆದಳು, ಆತ ಹಿಂದೆ. ಆಕೆ ಬಳೆ ಅಂಗಡಿಗೆ ನಿಂತಳು, ಶಾಲಿನ ಅಂಗಡಿಗೆ ನಿಂತಳು, ಏನೂ ಕೊಳ್ಳದೆ ಎಲ್ಲವನ್ನೂ ಮುಟ್ಟಿ ನೋಡಿದಳು. ಹಿಂದಿನ ಜನ "ಜಲ್ದಿ ಚಲೋ ಭಾಯ್" ಎಂದು ಕೇದಾರನ ಬೆನ್ನಿಗೆ ನೂಕುತ್ತಿದ್ದರು. ಆತ ಎರಡೂ ಕೈ ಚಾಚಿ ಅವರನ್ನು ತಡೆಹಿಡಿದು, ಅವ್ವ ಮುಂದಿನ ಅಂಗಡಿಗೆ ಹೋಗುವವರೆಗೆ ಅಲ್ಲೇ ನಿಂತಿರುತ್ತಿದ್ದ.